ರೂಪಾಯಿ ಇಳಿದ ವರ್ಷದ ಹೊಲಿಗೆ

ನನಗೆ ಮೊದಲಿನಿಂದಲೂ ಒಂದು ಚಾಳಿ. ಯಾರಾದರೂ ಒಂದು ಮಾತು ಆಡಿದರೆ ಅದು ಹೇಗೆ, ಯಾಕೆ ಎಂದು ಕೇಳದೆ ಬಿಡುವವಳಲ್ಲ. ಮುಂಡಗೋಡ ತಾಲೂಕಿನ ಪಾಳಾದಲ್ಲಿ ನಾನು ಹುಡುಗಿಯಾಗಿದ್ದಾಗ ಆಣೆ ಹೋಗಿ ಹೊಸ ಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ಈಗ ನೂರು ಪೈಸೆ ಆಯಿತೆಂದರೆ ನಾವು ಒಮ್ಮೆಲೇ ಶ್ರೀಮಂತರಾದೆವೇನು ಎಂದು ಕೇಳಿ ಕೇಳಿ ಅವ್ವನ ತಲೆ ತಿಂದಿದ್ದೆ. "ಗಂಡನ ಮನಿಗೆ ಹೋಗಿ ಕೇಳು ಇವನ್ನೆಲ್ಲಾ" ಎಂದು ಅವ್ವ ಕೈ ತೊಳೆದುಕೊಂಡಿದ್ದಳು.

ಗಂಡನ ಮನೆ ಎಂದರೆ ದಾಂಡೇಲಿಯಲ್ಲಿ ಗಿರಣಿ ಆಳುಗಳ ಸಾಲುಮನೆಗಳ ಒಂದು ಚಾಳು. ನಮ್ಮವರು ಹಳಿಯಾಳದ ಕಡೆಯ ಒಕ್ಕಲುತನದ ಮನೆಯವರು, ಮೂವರು ಅಣ್ಣತಮ್ಮಂದಿರಲ್ಲಿ ಕೊನೆಯವರು. ಹೊಲ ಹಂಚಿದರೆ ಯಾರಿಗೂ ಸಾಲದು ಎಂದು ಕಾಗದದ ಗಿರಣಿ ಸೇರಿದ್ದರು. ಮಶೀನು ಮೊದಲ ಸಲ ತಿರುಗಿದ ದಿನದಿಂದಲೂ ಅದರ ಹತ್ತಿರ ನಿಂತವರು. ಮಾತು ಕಡಿಮೆ. ನಾನು ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ, ಅದೂ ರೊಟ್ಟಿ ಮುರಿಯುವ ನಡುವೆ. ಆದರೆ ಮಶೀನಿನ ಬಗ್ಗೆ ಕೇಳಿದರೆ ಮಾತ್ರ ಮುಖ ಅರಳುತ್ತಿತ್ತು. ಕಾಗದ ಹೇಗೆ ಆಗುತ್ತದೆ ಎಂದು ನಾನು ತಿಳಿದದ್ದು ಹಾಗೆ.

ಬಿದಿರನ್ನು ಬೇಯಿಸಿ ಅರೆದ ಅಂಬಲಿಯಂಥದ್ದು ಜಾಳಿಗೆಯ ಮೇಲೆ ಹರಿದು, ನೀರು ಸೋರಿ, ಹಸಿ ಹಾಳೆಯಾಗುತ್ತದೆ. ಆ ಹಸಿ ಹಾಳೆಯನ್ನು ಒಂದು ದಪ್ಪ ಉಣ್ಣೆಯ ಬಟ್ಟೆ ಹೊತ್ತುಕೊಂಡು ಎರಡು ಭಾರಿ ಉರುಳೆಗಳ ನಡುವೆ ಹೋಗುತ್ತದೆ. ಅಲ್ಲಿ ಉಳಿದ ನೀರು ಹಿಂಡಿ ಹೋಗಬೇಕು. ಆ ಬಟ್ಟೆಗೆ ಫೆಲ್ಟು ಎನ್ನುತ್ತಿದ್ದರು. ಅದಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ, ಬಳೆಯ ಹಾಗೆ ಸುತ್ತು. ಹಡಗಿನಲ್ಲಿ ಹೊರದೇಶದಿಂದ ಬರುತ್ತಿತ್ತು. ಕೆಲವು ವಾರ ಓಡಿದ ಮೇಲೆ ಸವೆದು, ನೀರು ಕುಡಿಯುವುದನ್ನು ಬಿಡುತ್ತಿತ್ತು. ಆಗ ಮಶೀನು ನಿಲ್ಲಿಸಿ ಹಳೆಯದನ್ನು ಅಡ್ಡಕ್ಕೆ ಕೊಯ್ದು ಎಳೆದುಹಾಕಿ, ಹೊಸದನ್ನು ಏರಿಸುತ್ತಿದ್ದರು.

ಈ ಕೊಯ್ಯುವ ಕೆಲಸ ನಮ್ಮವರದು. ಅದಕ್ಕೊಂದು ಪದ್ಧತಿಯೇ ಬೆಳೆದಿತ್ತು. ಮಶೀನಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುವುದು. ಒಂದು ಕಾಯಿ ಒಡೆಯುವುದು. ಒಡೆದ ಸದ್ದಿಗೇ ನಮ್ಮವರು ಬಾಗಿದ ಚೂರಿ ತೆಗೆದು, ಆ ದಂಡೆಯಿಂದ ಈ ದಂಡೆಗೆ ಒಂದೇ ಎಳೆತಕ್ಕೆ ಕೊಯ್ಯುವುದು. ಆಮೇಲೆ ಹಳೆ ಫೆಲ್ಟನ್ನು ತುಂಡು ಮಾಡಿ ಆಳುಗಳಿಗೆ ಹಂಚುತ್ತಿದ್ದರು. ಮೊದಲ ತುಂಡು ಕೂಸಿದ್ದ ಮನೆಗೆ, ಆಮೇಲೆ ಮುದುಕರಿದ್ದ ಮನೆಗೆ, ಆಮೇಲೆ ಸರದಿಯಂತೆ. ದಾಂಡೇಲಿಯ ಮಳೆಗಾಲ ಕಂಡವರಿಗೆ ಆ ತುಂಡಿನ ಬೆಲೆ ಗೊತ್ತು. ಯಾವ ಕಂಬಳಿಯೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ಮೊದಲ ತುಂಡು ನಮ್ಮ ಮನೆಗೆ ಬಂತು. ಹಳೆ ಸೀರೆಗಳ ನಡುವೆ ಅದನ್ನು ಇಟ್ಟು ಕೌದಿ ಹೊಲಿದೆ. ಕೌದಿಯಲ್ಲಿ ನನ್ನ ಕೈ ಚೆನ್ನಾಗಿತ್ತು, ಅವ್ವ ಕಲಿಸಿದ್ದು. ಆ ಕೌದಿ ನೋಡಿ, ಗಿರಣಿಯ ಅಧಿಕಾರಿಗಳಿದ್ದ ಬಂಗೂರನಗರದ ಇಂಜಿನಿಯರ ಸಾಹೇಬರ ಹೆಂಡತಿ ನನ್ನಿಂದ ಎರಡು ಹೊಲಿಸಿಕೊಂಡಿದ್ದರು.

ಅರವತ್ತಾರರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದರು ಎಂಬ ಸುದ್ದಿ ಬಂತು. ಹೋಟೆಲಿನ ರೇಡಿಯೋದಲ್ಲಿ ಕೇಳಿಸಿಕೊಂಡು ಬಂದ ಗಂಡಸರೆಲ್ಲ ಚಾಳಿನ ಕಟ್ಟೆಯ ಮೇಲೆ ಕುಳಿತು ಅದನ್ನೇ ಆಡುತ್ತಿದ್ದರು. ನಾನು ಒಳಗೆ ಹೋಗಿ ಅರಿಶಿನದ ಡಬ್ಬಿಯಲ್ಲಿ ಇಟ್ಟಿದ್ದ ಒಂದು ರೂಪಾಯಿಯ ನೋಟು ತೆಗೆದು ನೋಡಿದೆ. ಉದ್ದ ಅಷ್ಟೇ, ಅಗಲ ಅಷ್ಟೇ, ಅರಿಶಿನದ ಕಲೆಯೂ ಹಾಗೇ ಇತ್ತು. ಇಳಿದದ್ದು ಯಾವುದು?

"ನಿಮ್ಮ ಪಗಾರ ಕಡಿಮಿ ಆಗ್ತೈತೇನ್ರಿ?" ಎಂದು ನಮ್ಮವರನ್ನು ಕೇಳಿದೆ.

"ಇಲ್ಲ."

"ಮತ್ತ ಇಳಿದಿದ್ದು ಏನು?"

"ಅದು ದೊಡ್ಡೋರ ವ್ಯವಹಾರ. ಪಲ್ಲೆ ಹಾಕು."

ಮರುದಿನ ಕಿರಾಣಿ ಅಂಗಡಿಯವನು ಕಡ್ಡಿಪೆಟ್ಟಿಗೆಗೆ ಹೆಚ್ಚು ಕೇಳಿದ. ರೂಪಾಯಿ ಇಳಿದಿದೆಯಲ್ಲ ಎಂದ. "ಕಡ್ಡಿಪೆಟ್ಟಿಗಿ ಹೊರದೇಶದಿಂದ ಬರ್ತೈತೇನ್ರಿ?" ಎಂದೆ. "ನಿನಗ ಕಡ್ಡಿಪೆಟ್ಟಿಗಿ ಬೇಕೋ ಜಗಳಾ ಬೇಕೋ, ತಂಗಿ?" ಎಂದ ಅವನು. ಎರಡೂ ಬೇಕಾಗಿತ್ತು, ಆದರೆ ಒಲೆ ಹಚ್ಚುವ ಹೊತ್ತಾಗಿತ್ತು.

ನನಗೆ ಸರಿಯಾಗಿ ತಿಳಿಸಿಕೊಟ್ಟವಳು ಜೋಯಿಡಾದಿಂದ ಬುಟ್ಟಿ ಮಾರಲು ಬರುತ್ತಿದ್ದ ಮುದುಕಿ. ಅವಳ ಮನೆಮಾತು ಕೊಂಕಣಿ, ಕನ್ನಡ ತುಸು ತಡೆದು ತಡೆದು ಬರುತ್ತಿತ್ತು. ಓದು ಬರಹ ಇಲ್ಲ. ನನ್ನ ಪ್ರಶ್ನೆ ಕೇಳಿ ತಲೆಯ ಮೇಲಿನ ಬುಟ್ಟಿಗಳನ್ನು ಇಳಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

"ಗೋವಾ ಆಗ ಪರದೇಶ ಇತ್ತು ಬಾಯಿ, ಗೊತ್ತಲ್ಲ? ನನ್ನ ಗಂಡ ಬುಟ್ಟಿ ಹೊತ್ಕೊಂಡು ಕಾಡಾಗ ಹಾದು ಆ ಕಡಿ ಹೋಗ್ತಿದ್ದ. ಅಲ್ಲಿ ದುಕಾನದವ ಎರಡು ಬುಟ್ಟಿ ತಗೊಂಡು ಬಿದಿರು ಕಡಿಯೋ ಒಂದು ಕೊಯಿತಾ ಕೊಡ್ತಿದ್ದ. ಒಂದು ವರ್ಷ ಹೋದ್ರ ಮೂರು ಬುಟ್ಟಿ ಕೊಡು ಅಂದ. ಬುಟ್ಟಿ ಸಣ್ಣದು ಆಗಿತ್ತೇನು? ಇಲ್ಲ. ಬಿದಿರು ಅದೇ, ಕೈ ಅದೇ. ಅವನ ಕಣ್ಣಿಗೆ ಸಣ್ಣದು ಆಗಿತ್ತು, ಅಷ್ಟೇ."

"ಆಗ ನೀವು ಏನ್ ಮಾಡಿದ್ರಿ?"

"ಏನ್ ಮಾಡೋದು? ಹಳೇ ಕೊಯಿತಾನೇ ಮಸೆದ್ವಿ."

ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ನಮ್ಮ ನೋಟು ನಮ್ಮ ಕೈಯಲ್ಲಿ ಅಷ್ಟೇ ಇದೆ, ಸಮುದ್ರದ ಆಚೆಯವನ ಕಣ್ಣಿಗೆ ಸಣ್ಣದಾಗಿದೆ. ಸಮುದ್ರದ ಆಚೆಯಿಂದ ನಮ್ಮ ಮನೆಗೆ ಬರುವುದೇನಿದೆ? ಜೋಳ ಇಲ್ಲಿಯದು, ಬೆಲ್ಲ ಹಳಿಯಾಳದ್ದು, ಸೀರೆ ಇಳಕಲ್ಲಿನದು. ನಮಗೇನೂ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿ ನೆಮ್ಮದಿಯಾದೆ. ಹಾಸಿಗೆಯ ಮೇಲಿನ ಕೌದಿಯ ಒಳಗೆ ಏನಿದೆ ಎಂಬುದು ನೆನಪಿಗೆ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ನಮ್ಮವರು ಊಟ ಮಾಡುತ್ತ ತಾವಾಗಿಯೇ ಮಾತು ತೆಗೆದರು. ಹೊಸ ಫೆಲ್ಟು ಬಹಳ ತುಟ್ಟಿಯಾಗಿದೆಯಂತೆ, ಬರುವುದೂ ತಡವಾಗುತ್ತದಂತೆ. ಆದ್ದರಿಂದ ಇನ್ನು ಮುಂದೆ ಹಳೆಯದನ್ನು ಕೊಯ್ಯುವಂತಿಲ್ಲ. ಉರುಳೆಗಳನ್ನೇ ಬಿಚ್ಚಿ, ಫೆಲ್ಟನ್ನು ಇಡಿಯಾಗಿ ಜಾರಿಸಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಮತ್ತೆ ಏರಿಸಬೇಕು. ಇಂಜಿನಿಯರ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಎರಡು ಸಲ ಹೇಳಿದ್ದರು.

ನನಗೆ ಪಕ್ಕದ ಮನೆಯ ಹುಡುಗಿಯ ನೆನಪಾಯಿತು. ಅವಳು ಹಳಿಯಾಳದ ಮುಸಲ್ಮಾನರ ಮನೆಯವಳು, ನನಗೆ ಅಕ್ಕಾ ಎನ್ನುತ್ತಿದ್ದಳು. ಚೊಚ್ಚಲ ಬಸುರಿ, ಆರನೆಯ ತಿಂಗಳು. ಅವಳ ಗಂಡ ಗಿರಣಿಯಲ್ಲಿ ಬದಲಿ ಆಳು. ಯಾರಾದರೂ ಕೆಲಸಕ್ಕೆ ಬರದಿದ್ದರೆ ಅವರ ಜಾಗಕ್ಕೆ ಕರೆಸಿಕೊಳ್ಳಲು ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುತ್ತಿದ್ದ. ಮುಂದಿನ ಫೆಲ್ಟಿನ ಮೊದಲ ತುಂಡು ಅವಳಿಗೇ ಎಂದು ಚಾಳಿನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು. "ಹಂಗಾರ ಆ ಹುಡುಗಿಗೆ ಏನ್ ಹೇಳೋದ್ರಿ?" ಎಂದೆ. ನಮ್ಮವರು ಕೈ ತೊಳೆದು ಎದ್ದರು.

ಫೆಲ್ಟು ತೆಗೆಯುವ ದಿನ ಬಂತು. ತೆಗೆದು ತೊಳೆಯುವುದೇ ಇದ್ದರೂ ಪೂಜೆ ಬಿಡುವುದು ಬೇಡ ಎಂದು ಯಾರೋ ಕಾಯಿ ತಂದಿದ್ದರು. ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು, ಕಾಯಿ ಒಡೆದರು. ಸದ್ದಾಯಿತು. ನಮ್ಮವರ ಕೈ ಸೊಂಟದ ಚೂರಿಗೆ ಹೋಯಿತು. ಆ ದಂಡೆಯಿಂದ ಈ ದಂಡೆಗೆ, ಒಂದೇ ಎಳೆತ.

ಯಾರೂ ಕೂಗಲಿಲ್ಲವಂತೆ. ಕೂಗುವಷ್ಟು ಹೊತ್ತೂ ಇರಲಿಲ್ಲ. ಏಳು ವರ್ಷ ಕಾಯಿಯ ಸದ್ದಿಗೆ ಕೊಯ್ದ ಕೈ ಅದು. ಸಾಹೇಬರು ಎರಡು ಸಲ ಹೇಳಿದ್ದು ನಮ್ಮವರ ಕಿವಿಗೆ, ಕೈಗೆ ಯಾರೂ ಹೇಳಿರಲಿಲ್ಲ.

ಇವರು ಹೊತ್ತಿಗೆ ಮೊದಲೇ ಮನೆಗೆ ಬಂದರು. ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕುಳಿತರು. ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಏರಿಸಲು ಬೇರೆ ಫೆಲ್ಟು ಇಲ್ಲ. ಹೊಸದು ಹಡಗಿನಲ್ಲಿದೆಯೋ ಮುಂಬಯಿಯಲ್ಲಿದೆಯೋ ಯಾರಿಗೂ ತಿಳಿಯದು. ಅಲ್ಲಿಯ ತನಕ ಮಶೀನು ನಿಂತಂತೆ. ಬದಲಿ ಆಳುಗಳಿಗೆ ನಾಳೆಯಿಂದ ಬರಬೇಡಿ ಎಂದಿದ್ದಾರೆ. ಇವರ ವಿಚಾರ ದೊಡ್ಡ ಸಾಹೇಬರು ಬಂದ ಮೇಲೆ.

"ತೆಗೀತಾರೇನ್ರಿ ಕೆಲಸದಿಂದ?"

"ತೆಗೀಲಾರದ ಏನ್ ಮಾಡ್ತಾರ? ಆರತಿ ಎತ್ತತಾರೇನು?"

ನನಗೆ ಸಿಟ್ಟು ಬಂತು. ಇವರ ಮೇಲಲ್ಲ. ಕಾಣದ ಆ ಸಮುದ್ರದ ಆಚೆಯವನ ಮೇಲೆ. ಹೋದ ತಿಂಗಳು ಇದೇ ಕೊಯ್ತಕ್ಕೆ ಕಾಯಿ ಒಡೆದು ಚಪ್ಪಾಳೆ ತಟ್ಟಿದ್ದರು. ಈ ತಿಂಗಳು ಅದೇ ಕೊಯ್ತ ಅಪರಾಧ. ಚೂರಿ ಅದೇ, ಕೈ ಅದೇ. ಬುಟ್ಟಿಯ ಮುದುಕಿಯ ಮಾತು ನೆನಪಾಯಿತು. ಹಳೇ ಕೊಯಿತಾ ಮಸೆದೆವು ಎಂದಿದ್ದಳಲ್ಲ.

"ಕೊಯ್ದದ್ದು ಒಂದೇ ಕಡೆನೋ, ತುಂಡು ತುಂಡು ಮಾಡೀರೋ?" ಎಂದು ಕೇಳಿದೆ.

"ಒಂದೇ. ಯಾಕ?"

"ಹೊಲಿದ್ರ ಹೆಂಗ?"

ಇವರು ನನ್ನ ಮುಖ ನೋಡಿದರು. ನಿನಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದುಕೊಂಡೆ. ಆದರೆ ಹೊಸ್ತಿಲಲ್ಲಿ ಸರಿದು ನನಗೆ ದಾರಿ ಬಿಟ್ಟರು.

ಬಂಗೂರನಗರಕ್ಕೆ ನಡೆದೇ ಹೋದೆ, ಕೊಡೆ ಗಾಳಿಗೆ ಮಗುಚಿ ಅರ್ಧ ತೊಯ್ದು ಹೋಗಿದ್ದೆ. ಇಂಜಿನಿಯರ ಸಾಹೇಬರ ಹೆಂಡತಿ ಹಿತ್ತಲ ಬಾಗಿಲಿನಿಂದ ಒಳಗೆ ಕರೆದು, ಗಂಡನನ್ನು ಕೂಗಿದರು. ಅವರು ಊಟದ ಎಲೆಯಿಂದ ಎದ್ದು ಬಂದಿರಬೇಕು, ಮುಖ ಗಂಟಿಕ್ಕಿತ್ತು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಆಗದು ಎಂದು ತಲೆಯಾಡಿಸಿದರು.

"ಹೊಲಿಗೆ ಉಬ್ಬಿದರೆ ಉರುಳೆ ಹಾಳಾಗ್ತದಮ್ಮ."

"ಉಬ್ಬೂದಿಲ್ರಿ ಸಾಹೇಬ್ರ. ಒಂದರ ಮ್ಯಾಲ ಒಂದ ಇಟ್ಟು ಹೊಲಿಯೂದಲ್ಲ. ಅಂಚಿಗೆ ಅಂಚು ಹಚ್ಚಿ ಹೊಲೀತೇನಿ. ಕೌದಿ ಹಂಗ ಮಾಡೇನ್ರಿ, ಬಾಯೇರನ್ನ ಕೇಳ್ರಿ."

"ಆದರೂ ಕಾಗದದ ಮೇಲೆ ಗೆರೆ ಬೀಳ್ತದೆ."

"ಬೀಳಲೇಳ್ರಿ. ಪೊಟ್ಟಣಾ ಕಟ್ಟೂ ಕಾಗದ ಮಾಡ್ರಿ. ಗೆರಿ ಬಿದ್ರ ಸಕ್ಕರಿ ಸಪ್ಪಗಾಕ್ಕೈತೇನ್ರಿ?"

ಅವರ ಹೆಂಡತಿ ಒಳಗಿನಿಂದ ಕೌದಿ ತಂದು ಗಂಡನ ಮುಂದೆ ಹಿಡಿದರು. ಅವರು ಅದರ ಮೇಲೆ ಬೆರಳಾಡಿಸಿದರು. ತಿರುಗಿಸಿ ಹಿಂಭಾಗದಲ್ಲೂ ಆಡಿಸಿದರು. ಆಮೇಲೆ ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಬರಲು ಹೇಳಿದರು.

ಹತ್ತಿಯ ದಾರ ನೀರಿಗೆ ನಿಲ್ಲದು, ಉಣ್ಣೆಯದೇ ಬೇಕು. ಅಂಥ ದಾರ ಇದ್ದದ್ದು ಒಂದೇ ಕಡೆ. ಆ ಸಂಜೆ ಮಗಳ ಕೌದಿ ಬಿಚ್ಚಿ, ಒಳಗಿನ ಫೆಲ್ಟಿನ ತುಂಡಿನಿಂದ ಎಳೆ ಎಳೆಯಾಗಿ ದಾರ ತೆಗೆದೆ. ಅರ್ಧದಷ್ಟು ತುಂಡು ಅದಕ್ಕೇ ಹೋಯಿತು. ನಾಲ್ಕು ವರ್ಷದ ಮಗಳು "ನನ್ನ ಕೌದಿ ಯಾಕ ಹರೀತಿ?" ಎಂದು ಅತ್ತಳು. ನನ್ನ ಮಗಳೇ ಅಲ್ಲವೇ, ಉತ್ತರ ಸಿಗುವ ತನಕ ಬಿಡಲಿಲ್ಲ. ನನಗೂ ಅಳು ಬಂತು, ಆದರೆ ದಾರ ಕಾಣಬೇಕಲ್ಲ ಎಂದು ಕಣ್ಣೊರೆಸಿಕೊಂಡೆ.

ಬೆಳಿಗ್ಗೆ ಹೊರಟಾಗ ಪಕ್ಕದ ಮನೆಯ ಹುಡುಗಿ ತನ್ನದೊಂದು ದಬ್ಬಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೇಡ ಎಂದೆ, ಈ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಬರುತ್ತಿ ಎಂದೆ.

"ಮಶೀನ್ ನಿಂತ್ರ ನಮ್ಮೋರನ್ನ ಯಾರ್ ಕರೀತಾರ ಅಕ್ಕಾ? ನನಗೂ ಹೊಲಿಯಾಕ ಬರ್ತದ. ಹೋಗೂಣು ನಡಿ."

ಅಷ್ಟು ವರ್ಷ ಕೇಳಿ ಕೇಳಿ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಶೀನು ಬೇರೆ, ಕಣ್ಣೆದುರು ಇದ್ದದ್ದು ಬೇರೆ. ನಮ್ಮ ಚಾಳಿನ ಹತ್ತು ಮನೆ ಒಂದರ ಹಿಂದೆ ಒಂದು ನಿಲ್ಲಿಸಿದರೂ ಅದರ ಉದ್ದಕ್ಕೆ ಸಾಲದು ಎನಿಸಿತು. ಇಂಥ ದೊಡ್ಡದು ಒಂದು ಬಟ್ಟೆಯ ತುಂಡಿಗಾಗಿ ನಿಂತಿದೆಯಲ್ಲ ಎಂದು ಬೆರಗಾಯಿತು. ಉರುಳೆಗಳ ನಡುವೆ ಹಲಗೆ ಹಾಕಿ ಕೊಟ್ಟರು. ಸೋಪಿನ ನೀರಿನಲ್ಲಿ ತೊಳೆದು ಏರಿಸಿದ್ದ ಫೆಲ್ಟಿನ ಎರಡು ಅಂಚುಗಳನ್ನು ಗಂಡಸರು ಎಳೆದು ಹತ್ತಿರ ತಂದು ಹಿಡಿದರು. ನಾನು ಆ ದಂಡೆಯಿಂದ, ಅವಳು ಈ ದಂಡೆಯಿಂದ ಶುರು ಮಾಡಿದೆವು. ಹೊಲಿಗೆ ಓರೆಯಾಗಿ, ಸಣ್ಣದಾಗಿ ಬೀಳಬೇಕು. ಬಿಗಿಯಾದರೆ ಮಡಿಕೆ ಬೀಳುತ್ತದೆ, ಸಡಿಲಾದರೆ ಬಾಯಿ ಬಿಡುತ್ತದೆ. ಒದ್ದೆ ಉಣ್ಣೆಯಲ್ಲಿ ದಬ್ಬಣ ಜಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಬ್ಬೆರಳಿನ ಸಿಪ್ಪೆ ಎದ್ದಿತ್ತು. ಅವಳು ನಡುನಡುವೆ ಸೊಂಟ ಹಿಡಿದು ನಿಲ್ಲುವಳು, ಮತ್ತೆ ಬಾಗುವಳು.

ನಮ್ಮವರು ಇಡೀ ದಿನ ನನ್ನ ಮುಂದೆ ಅಂಚು ಹಿಡಿದು ನಿಂತಿದ್ದರು. ಒಮ್ಮೆ ಮಾತ್ರ ನನ್ನ ಹೆಬ್ಬೆರಳಿನ ರಕ್ತ ನೋಡಿ ತಮ್ಮ ಕರವಸ್ತ್ರ ಹರಿದು ಕಟ್ಟಿದರು. ಅಷ್ಟು ಜನರ ಮುಂದೆ ಅವರು ನನ್ನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅದೇ.

ಸಂಜೆ ನಾಲ್ಕರ ಸುಮಾರಿಗೆ ನಾವಿಬ್ಬರೂ ನಡುವಿಗೆ ಬಂದು ಸೇರಿದೆವು. ಅವಳ ದಾರಕ್ಕೆ ನನ್ನ ದಾರ ಗಂಟು ಹಾಕಿದೆ. ಮಶೀನು ಮೆಲ್ಲಗೆ ತಿರುಗಿಸಿದರು. ಹೊಲಿಗೆ ಉರುಳೆಗಳ ಬಾಯಿಗೆ ಹೋಗುವಾಗ ನಾನು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ಅದು ಆಚೆ ಕಡೆಯಿಂದ ಬಂದು ಮೇಲೇರುತ್ತಿತ್ತು. ಸಾಹೇಬರು ತಡೆದುಕೊಂಡಿದ್ದ ಉಸಿರು ಬಿಟ್ಟು ನಕ್ಕರು.

ಹೊಸ ಫೆಲ್ಟು ಬಂದದ್ದು ಗಣೇಶನ ಹಬ್ಬದ ಹೊತ್ತಿಗೆ. ಅಲ್ಲಿಯ ತನಕ ನಮ್ಮ ಹೊಲಿಗೆ ಓಡಿತು, ಎರಡು ಸಲ ದಾರ ಸಡಿಲಾದಾಗ ಹೋಗಿ ಬಿಗಿದು ಬಂದೆ. ಪಕ್ಕದ ಮನೆಯವನನ್ನು ಗೇಟಿನಲ್ಲಿ ಮತ್ತೆ ಕರೆಯತೊಡಗಿದರು. ನಮ್ಮವರನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಮಶೀನಿನಿಂದ ತೆಗೆದು ಹೊರಗೆ ಬಿದಿರು ಇಳಿಸುವ ಕಡೆ ಹಾಕಿದರು. ಚೂರಿ ಆಫೀಸಿನವರು ಇಟ್ಟುಕೊಂಡರು. ಹಳೆ ಫೆಲ್ಟು ಹಂಚುವ ಪದ್ಧತಿಯೂ ಅಲ್ಲಿಗೆ ನಿಂತಿತು. ಮಳೆಗಾಲದ ಕೊನೆಗೆ ಪಕ್ಕದ ಮನೆಯಲ್ಲಿ ಗಂಡು ಕೂಸು ಹುಟ್ಟಿದಾಗ ನನ್ನ ಹತ್ತಿರ ಉಳಿದಿದ್ದ ಅರ್ಧ ತುಂಡಿಗೆ ಅಂಚು ಕಟ್ಟಿ ಕೊಟ್ಟೆ.

ನಮ್ಮವರು ಸಂಜೆ ಕೈತುಂಬ ಬಿದಿರಿನ ಸಿಬಿರು ಚುಚ್ಚಿಸಿಕೊಂಡು ಬರುತ್ತಿದ್ದರು. ಮಶೀನಿನ ಬಗ್ಗೆ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ನಾನೂ ಕೇಳುವುದನ್ನು ಬಿಟ್ಟೆ. ಅದರ ಬದಲು ನನಗೆ ಹೊಸ ಹುಚ್ಚೊಂದು ಹತ್ತಿತು. ಅಂಗಡಿಯಿಂದ ಬಂದ ಪ್ರತಿಯೊಂದು ಪೊಟ್ಟಣ ಬಿಚ್ಚಿ ಕಾಗದವನ್ನು ಬೆಳಕಿಗೆ ಹಿಡಿಯುವುದು. ಫೆಲ್ಟು ಒಂದು ಸುತ್ತು ಬಂದಾಗ ಒಮ್ಮೆ ಗೆರೆ ಬೀಳುತ್ತದೆ, ಎಲ್ಲ ಹಾಳೆಯಲ್ಲೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎಲ್ಲೋ ಯಾರದೋ ಮನೆಯಲ್ಲಿ ನನ್ನ ಹೊಲಿಗೆ ಉಪ್ಪು ಬೆಲ್ಲ ಕಟ್ಟಿಕೊಂಡು ಕುಳಿತಿರಬೇಕಲ್ಲ. ಅದನ್ನು ನೋಡಬೇಕಿತ್ತು.

ದೀಪಾವಳಿಗೆ ಪಾಳಾಕ್ಕೆ ಹೋದೆವು. ಅಳಿಯ ಬಂದಾನೆಂದು ಅವ್ವ ಮುಂಡಗೋಡದ ಪೇಟೆಯಿಂದ ಸಕ್ಕರೆ ತರಿಸಿದ್ದಳು. ಪೊಟ್ಟಣ ಬಿಚ್ಚಿ ಡಬ್ಬಿಗೆ ಸುರಿದು, ಅಭ್ಯಾಸಬಲದಿಂದ ಕಾಗದವನ್ನು ಕಿಟಕಿಗೆ ಹಿಡಿದೆ. ಅಡ್ಡಕ್ಕೆ ಒಂದು ಗೆರೆ, ಅದರ ಎರಡೂ ಬದಿಗೆ ಓರೆಯಾದ ಸಣ್ಣ ಸಣ್ಣ ಗುರುತು. ನನ್ನ ಕೈಯೇ. ಒಂದು ಕಡೆ ಗುರುತುಗಳು ತುಸು ದೂರ ದೂರ ಇದ್ದವು, ಅಲ್ಲಿ ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಗೆ ಸಕ್ಕರೆ ಮೆತ್ತಿದ್ದರೂ ಹಾಗೇ ಓಡಿಹೋಗಿ ಪಡಸಾಲೆಯಲ್ಲಿ ಕುಳಿತಿದ್ದ ಇವರ ಮುಂದೆ ಹಿಡಿದೆ.

"ನೋಡ್ರಿ ಇಲ್ಲೆ. ನನ್ನ ಹೊಲಿಗಿ!"

ಇವರು ಕಾಗದ ಇಸಿದುಕೊಂಡರು. ಬೆಳಕಿಗೆ ಹಿಡಿದರು. ಹೆಬ್ಬೆರಳನ್ನು ಗೆರೆಯ ಮೇಲೆ ಆ ದಂಡೆಯಿಂದ ಈ ದಂಡೆಗೆ ಎಳೆದರು.

"ನಿನ್ನ ಹೊಲಿಗಿ ಅಲ್ಲ," ಎಂದರು. "ನಾ ಕೊಯ್ದ ಗೆರಿ."

ಅಷ್ಟು ತಿಂಗಳು ಅಂಗಡಿ ಅಂಗಡಿಯ ಕಾಗದದಲ್ಲಿ ನಾನು ಹುಡುಕುತ್ತಿದ್ದದ್ದು ಇದನ್ನೇ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಎಲ್ಲವನ್ನೂ ಕೇಳುವವಳು, ನಿಮಗೆ ಹೇಗಾಯಿತು ಎಂದು ಇವರನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಗಿ ಕಾಗದ ಕಿತ್ತುಕೊಂಡು ಒಲೆಯ ಕಡೆ ಹೊರಟೆ.

"ಏ, ಅದನ್ಯಾಕ ಸುಡ್ತಿ?" ಎಂದು ಹಿಂದಿನಿಂದ ಕರೆದರು. "ತಾ ಇಲ್ಲೆ. ಕಾಗದ ತುಟ್ಟಿ ಆಗೇತಿ."

ತೊಡೆಯ ಮೇಲೆ ಇಟ್ಟು ಅಂಗೈಯಿಂದ ಸುಕ್ಕು ಬಿಡಿಸಿದರು. ಗೆರೆ ಮುರಿಯದ ಹಾಗೆ ನಾಲ್ಕು ಮಡಿಕೆ ಮಾಡಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.